ಎಲ್ಕ್ ಬೇಟೆಯ ಡೇರೆಗೆ ಅಕ್ಕಿ, ಬೇಳೆ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದ ಕೊಲರಾಡೊದಲ್ಲಿ ನಡೆಯುವ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಬಂದೂಕಿನ ವರ್ಣನೆಯಲ್ಲೇ ಮುಗಿದಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತಿಲ್ಲ. ಆದರೆ ನಾನಿರುವ ಕೊಲರಾಡೊದಲ್ಲಿ ಲೈಸೆನ್ಸ್ ಪಡೆದು, ಹಂಟರ್ ಎಜುಕೇಷನ್ ಕಾರ್ಡ್ (ಬೇಟೆಯ ತರಬೇತಿ ಮುಗಿಸಿದ ಪ್ರಮಾಣಪತ್ರ) ಇಟ್ಟುಕೊಂಡು ಸಹೋದ್ಯೋಗಿಗಳ ಜೊತೆ ಹೊರಡುವ ಕನ್ನಡಿಗರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರನ್ನು ಅರ್ಧಕ್ಕೇ ಮನೆಗೆ ಓಡಿಸುವುದು ಚಳಿ ಮತ್ತು ಹಸಿವು. ಲೇಖಕರು ಬಿಟ್ಟದ್ದು ಅದನ್ನೇ.

ಅಕ್ಟೋಬರ್‌ನ ರೈಫಲ್ ಸೀಸನ್‌ನಲ್ಲಿ (ರೈಫಲ್‌ನಿಂದ ಬೇಟೆಯಾಡಲು ಅನುಮತಿಯಿರುವ ಅವಧಿ) ಡೇರೆ ಬೀಳುವುದು ಹೆಚ್ಚಾಗಿ 9–10 ಸಾವಿರ ಅಡಿ ಎತ್ತರದಲ್ಲಿ. 10 ಸಾವಿರ ಅಡಿಯಲ್ಲಿ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ, ಅನ್ನ ನಡುವೆ ಅಕ್ಕಿಯಾಗಿಯೇ ಉಳಿಯುತ್ತದೆ, ಇಂಧನ ಮಾತ್ರ ಖಾಲಿ. ಕಾರಿನ ಪಕ್ಕದಲ್ಲೇ ಡೇರೆ ಹಾಕುವವರು ಬೇಕಾದರೆ ಕುಕ್ಕರ್ ಒಯ್ಯಲಿ. ಬೆನ್ನ ಮೇಲೆ ಹೊರುವವರಿಗೆ ರವೆ, ಅವಲಕ್ಕಿಯೇ ಗತಿ, ಮತ್ತು ಅದು ಒಳ್ಳೆಯ ಗತಿ.

ತಲಾ 100 ಗ್ರಾಂ ಬನ್ಸಿ ರವೆಯನ್ನು ಮನೆಯಲ್ಲೇ ಒಗ್ಗರಣೆಗೆ ಹಾಕಿ ಘಮ್ಮೆನ್ನುವಂತೆ ಹುರಿಯಿರಿ. ಹಸಿಮೆಣಸಿನ ಬದಲು ಒಣಮೆಣಸು, ಹಸಿ ತೆಂಗಿನಕಾಯಿಯ ಬದಲು ಕೊಬ್ಬರಿ. ಕರಿಬೇವು ಮುರಿದರೆ ಪುಡಿಯಾಗಬೇಕು. ಪೂರ್ತಿ ಆರಿದ ಮೇಲೆಯೇ ಜಿಪ್ ಕವರಿಗೆ ತುಂಬಿ, ಬಿಸಿಯಿದ್ದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಬಿಡಾರದಲ್ಲಿ 300 ಎಂಎಲ್ ಕುದಿಯುವ ನೀರಿಗೆ ಸುರಿದು, ಕದಡಿ, ಒಲೆ ಆರಿಸಿ, ಮುಚ್ಚಿದ ಪಾತ್ರೆಯನ್ನು ಜಾಕೆಟ್‌ನಲ್ಲಿ ಸುತ್ತಿ ಹತ್ತು ನಿಮಿಷ ಬಿಟ್ಟರೆ ಉಪ್ಪಿಟ್ಟು ತಾನಾಗಿ ಅರಳುತ್ತದೆ. ಗೊಜ್ಜವಲಕ್ಕಿಗೆ ಗಟ್ಟಿ ಅವಲಕ್ಕಿಯನ್ನೇ ತರಿ ಮಾಡಿ. ತೆಳು ಅವಲಕ್ಕಿ ಬಿಸಿನೀರು ತಗುಲಿದ ಕೂಡಲೇ ಅಂಟಾಗುತ್ತದೆ.

ಮಧ್ಯಾಹ್ನ ಒಲೆ ಹೊತ್ತಿಸುವ ಪುರುಸೊತ್ತು ಇರುವುದಿಲ್ಲ. ಚಪಾತಿ ಚಳಿಗೆ ಚರ್ಮದಂತಾಗುತ್ತದೆ. ಖಡಕ್ ಜೋಳದ ರೊಟ್ಟಿಗೆ ಹೆಪ್ಪುಗಟ್ಟಲು ತೇವವೇ ಇಲ್ಲ. ದುಂಡು ಡಬ್ಬಿಯಲ್ಲಿಟ್ಟರೆ ಪುಡಿಯಾಗದು, ಜೊತೆಗೆ ಶೇಂಗಾ ಚಟ್ನಿಪುಡಿ ಸಾಕು. ಅಂಟಿನುಂಡೆ ಒಯ್ಯುವವರು ಬೆಳಿಗ್ಗೆಯೇ ಎರಡನ್ನು ಒಳಜೇಬಿಗೆ ಹಾಕಿಕೊಳ್ಳಲಿ, ಇಲ್ಲವಾದರೆ ತುಪ್ಪ ಗಟ್ಟಿಯಾಗಿ ಹಲ್ಲಿಗೇ ಸಂಚಕಾರ.

ಇನ್ನು ಒಲೆ. ಡಬ್ಬಿಯಲ್ಲಿ ಬರುವ ಬ್ಯುಟೇನ್ ಅನಿಲ ಕುದಿಯುವ ಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ನಸುಕಿನ ಮೈನಸ್ ಹತ್ತರಲ್ಲಿ ಅದು ಬಹುತೇಕ ಆವಿಯಾಗುವುದೇ ಇಲ್ಲ, ಅರ್ಧ ತುಂಬಿದ ಡಬ್ಬಿಯೂ ಸತ್ತಂತಿರುತ್ತದೆ. ಐಸೊಬ್ಯುಟೇನ್–ಪ್ರೊಪೇನ್ ಮಿಶ್ರಣದ ಡಬ್ಬಿ ತಂದು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗಿಟ್ಟುಕೊಳ್ಳಿ, ಅಥವಾ ವೈಟ್ ಗ್ಯಾಸ್ (ಪೆಟ್ರೋಲಿನಂಥ ಶುದ್ಧ ದ್ರವ ಇಂಧನ) ಒಲೆ ಬಳಸಿ. ವೈಟ್ ಗ್ಯಾಸ್ ಇಬ್ಬರಿಗೆ ದಿನಕ್ಕೆ ಸುಮಾರು 200 ಎಂಎಲ್, ಹಿಮ ಕರಗಿಸಬೇಕಾದರೆ ಎರಡರಷ್ಟು. ವಿಮಾನದಲ್ಲಿ ಯಾವ ಇಂಧನವನ್ನೂ ಬಿಡುವುದಿಲ್ಲ, ಡೆನ್ವರ್‌ನಲ್ಲಿ ಇಳಿದ ಮೇಲೆ ಕೊಳ್ಳಿ. ನಿಮ್ಮ ಲೇಖನದ ಚಿತ್ರದಲ್ಲಿ ಒಲೆ ಡೇರೆಯೊಳಗೆ ಉರಿಯುತ್ತಿದೆ. ಅದು ಬೆಂಕಿಗಷ್ಟೇ ಅಲ್ಲ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್‌ಗೂ ಆಹ್ವಾನ. ದಯವಿಟ್ಟು ತಿದ್ದುಪಡಿ ಹಾಕಿ.

ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಬರೆದ ಉಷ್ಣತೆಯನ್ನು ನಂಬಬೇಡಿ, ‘ಕಂಫರ್ಟ್’ (ಹಾಯಾಗಿ ನಿದ್ರಿಸಬಹುದಾದ ಉಷ್ಣತೆಯ) ಅಂಕಿಯನ್ನು ನೋಡಿ. ಎಷ್ಟು ದುಬಾರಿ ಬ್ಯಾಗಾದರೂ ಮೈಭಾರಕ್ಕೆ ಅಡಿಭಾಗ ಅಪ್ಪಚ್ಚಿಯಾಗಿ ನೆಲದ ಥಂಡಿ ಏರುತ್ತದೆ. ಗಾಳಿ ತುಂಬುವ ಹಾಸಿಗೆಯ ಅಡಿಗೆ ಅಗ್ಗದ ಫೋಮ್ ಚಾಪೆಯೊಂದನ್ನು ಹಾಸಿ, ಎರಡರ ಆರ್-ಮೌಲ್ಯ (ಥಂಡಿ ತಡೆಯುವ ಶಕ್ತಿಯ ಅಳತೆ) ಕೂಡುತ್ತದೆ. ಹತ್ತಿಯ ಬನಿಯನ್, ಜೀನ್ಸ್ ಮನೆಯಲ್ಲೇ ಇರಲಿ, ಬೆವರಿದರೆ ಒಣಗುವುದಿಲ್ಲ.

ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜು ಮೇಲಿನಿಂದ ಕಟ್ಟುವುದರಿಂದ ಬಾಯಿ ತೆರೆದಿರುತ್ತದೆ. ನೀರು ಸೋಸುವ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳಿರಬಹುದು, ನೋಡಲು ಮಾತ್ರ ಸರಿಯಾಗಿಯೇ ಇರುತ್ತದೆ. ಅದನ್ನು ಎಸೆಯಬೇಕಷ್ಟೆ. ಕರಡಿಗಳು ಇನ್ನೂ ತಿರುಗಾಡುವ ಕಾಲವಾದ್ದರಿಂದ ಊಟದ ಚೀಲ ಡೇರೆಯಿಂದ ನೂರು ಗಜ ದೂರದಲ್ಲಿ, ನೆಲದಿಂದ ಹತ್ತು ಅಡಿ ಮೇಲೆ ತೂಗಬೇಕು. ಟೂತ್‌ಪೇಸ್ಟ್ ಕೂಡ ಅದರಲ್ಲೇ.

ರೈಫಲ್ ಹಿಡಿದವರು 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಲೇಬೇಕು, ಟೋಪಿಯೂ ಅದೇ ಬಣ್ಣ. ಕೊನೆಯದಾಗಿ, ಮಾಂಸಕ್ಕೆ ಗಾಳಿಯಾಡುವ ಬಟ್ಟೆಯ ಚೀಲ ನಾಲ್ಕೈದಾದರೂ ಬೇಕು. ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಮೈಬಿಸಿ ಹೊರಹೋಗದೆ, ಹೊರಗೆ ಎಷ್ಟೇ ಚಳಿಯಿದ್ದರೂ ಮೂಳೆಯ ಸುತ್ತ ಹುಳಿವಾಸನೆ ಹಿಡಿಯುತ್ತದೆ.

– ಓರ್ವ ಓದುಗ, ಡೆನ್ವರ್