ಬಾಣಬಿರುಸಿನ ಜೊತೆ ಪಿಟೀಲಿನ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜುಲೈ 14 ಕಳೆಯುತ್ತಿದ್ದಂತೆ ಐಫೆಲ್ ಗೋಪುರದ ಬಾಣಬಿರುಸಿನ ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ. ಚೆನ್ನಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ 2013ರಿಂದ ಈ ಫ್ರೆಂಚ್ ರಾಷ್ಟ್ರೀಯ ಹಬ್ಬದ ರಾತ್ರಿ ದೊಡ್ಡ ಆರ್ಕೆಸ್ಟ್ರಾ ಕಛೇರಿಯೂ ನಡೆಯುತ್ತಿದೆ, ಸಾಮಾನ್ಯವಾಗಿ ಅದೇ ಗೋಪುರದ ಬುಡದಲ್ಲಿ, ಸಾವಿರಾರು ಜನ ಹುಲ್ಲಿನ ಮೇಲೆ ಕೂತು ದುಡ್ಡು ಕೊಡದೆ ಕೇಳುತ್ತಾರೆ. ಅದರ ಬಗ್ಗೆ ಒಂದು ಸಾಲಾದರೂ ಬೇಡವೇ?

ಫ್ರೆಂಚ್ ಸಂಗೀತ ನಮಗೆ ಅರ್ಥವಾಗಲ್ಲ ಅಂತ ಸುಮ್ನೆ ಹೆದರುತ್ತೇವೆ. ಪಿಟೀಲು ನಮಗೆ ಹೊಸದಲ್ಲ, ಅಲ್ವಾ? ಯುರೋಪಿನಿಂದ ಬಂದ ಈ ವಾದ್ಯಕ್ಕೆ ಏಳು ತಂತಿ ಹಾಕಿ ನುಡಿಸಿದ ಮೈಸೂರು ಚೌಡಯ್ಯನವರ ನಾಡು ನಮ್ಮದು. ಸಂಜೆ ಹತ್ತು ನಿಮಿಷ ಬಿಡುವಿದ್ದರೆ ಫ್ರೆಂಚ್ ಸಂಗೀತ ರಚನಕಾರ ಸೇಂಟ್ ಸಾನ್ಸ್ ಅವರ ‘ಇಂಟ್ರೊಡಕ್ಷನ್ ಅಂಡ್ ರಾಂಡೊ ಕ್ಯಾಪ್ರಿಚಿಯೋಸೊ’ ಕೇಳಿ ನೋಡಿ. 1863ರಲ್ಲಿ ಸ್ಪೇನಿನ ಪಿಟೀಲು ವಾದಕ ಹುಡುಗ ಸರಸಾಟೆಗಾಗಿ ಬರೆದದ್ದು, ಆಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮೊದಲು ಆರ್ಕೆಸ್ಟ್ರಾದವರು ತಂತಿಯನ್ನು ಬೆರಳಲ್ಲಿ ಮೆಲ್ಲಗೆ ಮೀಟುತ್ತಾರೆ, ಅದರ ಮೇಲೆ ಒಂಟಿ ಪಿಟೀಲು ದುಃಖ ಹೇಳಿಕೊಂಡ ಹಾಗೆ ನಿಧಾನವಾಗಿ ಶುರುವಾಗಿ, ಆಮೇಲೆ ಒಮ್ಮೆಲೇ ಕುಣಿತಕ್ಕೆ ಹೊರಳಿ, ಕೊನೆಗೆ ಕಣ್ಣು ಮಿಟುಕಿಸಲೂ ಬಿಡದ ವೇಗಕ್ಕೆ ಏರುತ್ತದೆ. ಮೊದಲ ಸಲ ಕೇಳಿದಾಗ ನನ್ನ ಕಣ್ಣು ತುಂಬಿತ್ತು.

ದಯವಿಟ್ಟು ಮುಂದಿನ ಜುಲೈನಲ್ಲಿ ಫೋಟೋ ಜೊತೆ ಅಲ್ಲಿ ಏನು ನುಡಿಸಿದರು, ಯಾರು ನುಡಿಸಿದರು ಅನ್ನುವುದನ್ನೂ ಬರೆಯಿರಿ. ಓದಿ ಹುಡುಕಿ ಕೇಳುವವರು ನಮ್ಮಲ್ಲೂ ಇದ್ದಾರೆ.

ನಿಮ್ಮ ಓದುಗ