ಲಕೋಟೆಗೊಂದು ಸೀಲ್ ಹಾಕಿಸಿಕೊಡಿ ಸಾರ್: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಕುಮಟಾದಿಂದ ನಮಸ್ಕಾರ.

ಸಾರ್, ನಾನು ಬಿ.ಫಾರ್ಮ್ ಮುಗಿಸಿ ಇಲ್ಲೇ ಒಂದು ಮೆಡಿಕಲ್ ಶಾಪಲ್ಲಿ ಕೆಲ್ಸ ಮಾಡ್ತಾ, ಅಮೆರಿಕದಲ್ಲಿ ಫಾರ್ಮಾಸ್ಯೂಟಿಕಲ್ ಸೈನ್ಸಸ್ ಪಿಎಚ್‌ಡಿಗೆ ಅಪ್ಲೈ ಮಾಡ್ತಾ ಇದೀನಿ. ಮಾಡ್ತಾ ಇದೀನಿ ಅನ್ನೋಕಿಂತ ಒದ್ದಾಡ್ತಾ ಇದೀನಿ ಅಂದ್ರೆ ಸರಿ. ಕಳೆದ ಡಿಸೆಂಬರ್ ಡೆಡ್‌ಲೈನ್ ತಪ್ಪಿ ಒಂದು ವರ್ಷ ನೀರಲ್ಲಿ ಹೋಯ್ತು. ನಾನು ಕೇಳೋದು ಇಷ್ಟೇ, ಟ್ರಾನ್ಸ್‌ಕ್ರಿಪ್ಟನ್ನ (ಎಲ್ಲ ಮಾರ್ಕ್ಸ್ ಒಟ್ಟಿಗಿರೋ ಅಧಿಕೃತ ಪಟ್ಟಿ) ಇಂತಿಷ್ಟು ದಿನದೊಳಗೆ ಅಂತ ಗೊತ್ತು ಮಾಡಿ ಕೊಡ್ಸಿ, ವಿಶ್ವವಿದ್ಯಾಲಯದವರೇ ನೇರ ಇಮೇಲಲ್ಲಿ ಕಳಿಸೋ ಹಾಗೆ ಮಾಡಿ.

ನಿಯಮ ಎಲ್ಲ ನಿಮಗೆ ಗೊತ್ತಿರೋದೇ, ನಾನೇನು ಹೇಳಿಕೊಡೋದು. ಯಾಕೆ ಓದ್ಬೇಕು ಅಂತ ಹೇಳೋ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ನಾನೇ ಬರ್ಕೊಂಡೆ, ರೆಕಮಂಡೇಶನ್ ಲೆಟರ್ ನಮ್ಮ ಮೇಷ್ಟ್ರುಗಳು ಒಂದು ಫೋನಿಗೇ ಕೊಟ್ರು, ಇಂಗ್ಲಿಷ್ ಪರೀಕ್ಷೆ ಟೋಫೆಲ್ ಬರೆದಾಯ್ತು, ಅದರ ಸ್ಕೋರಿಗೆ ಎರಡೇ ವರ್ಷ ಆಯಸ್ಸು ಅನ್ನೋದು ಬೇರೆ. ಉಳಿದಿದ್ದು ಎಂಟು ಸೆಮಿಸ್ಟರಿನ ಮಾರ್ಕ್ಸ್ ಇರೋ ಟ್ರಾನ್ಸ್‌ಕ್ರಿಪ್ಟ್ ಒಂದೇ. ಕೆಲವು ಕಡೆ ಮೊದಲಿಗೆ ಸ್ಕ್ಯಾನ್ ಕಾಪಿ ಸಾಕು ಅಂತಾರೆ, ಆದ್ರೆ ನನಗೆ ಬೇಕಾದ ಫಾರ್ಮಾಸ್ಯೂಟಿಕ್ಸ್ ಲ್ಯಾಬ್ ಇರೋ ಕಡೆ ಡಬ್ಲ್ಯೂಇಎಸ್ (ಹೊರದೇಶದ ಪದವಿ ಪರಿಶೀಲಿಸೋ ಸಂಸ್ಥೆ) ಮೌಲ್ಯಮಾಪನ ಬೇಕು ಅಂದ್ರು, ಅವರಿಗೆ ನಾವು ಕಳಿಸಿದ್ದು ನಡೆಯೋದಿಲ್ಲ, ಓದಿದ ವಿಶ್ವವಿದ್ಯಾಲಯದಿಂದಲೇ ಬರ್ಬೇಕು, ಲಕೋಟೆ ಆದ್ರೆ ಅಂಟಿಸಿದ ಜಾಗದ ಮೇಲೇ ಸೀಲು ಸಹಿ ಇರ್ಬೇಕು. ತಪ್ಪೇನಿಲ್ಲ, ಅವರ ಕಾನೂನು ಅವರಿಗೆ.

ಈಗ ನಮ್ಮ ವಿಶ್ವವಿದ್ಯಾಲಯದ ಕಚೇರಿ ಕತೆ ಕೇಳಿ. ಹೆಸರು ಬೇಡ, ಘಟ್ಟದ ಮೇಲೆ ಅಂತ ಇಟ್ಕೊಳ್ಳಿ. ಮಳೆಗಾಲ, ದೇವಿಮನೆ ಘಟ್ಟದಲ್ಲಿ ರಸ್ತೆ ಬಂದ್ ಅಂತ ಬಸ್ಸು ಸುತ್ತು ಹಾಕ್ಕೊಂಡು ಹೋಯ್ತು. ಅಪ್ಪ ಗಜನಿ ಗದ್ದೆ ಕೆಲ್ಸ ಬಿಟ್ಟು ನನ್ನ ಜೊತೆ ಬಂದಿದ್ರು, ಒಬ್ಳೇ ಲಾಡ್ಜಲ್ಲಿ ಹೇಗೆ ಇರ್ತೀ ಅಂತ. ಫೀಸು ಕಟ್ಟಿ ತಿಂಗಳುಗಟ್ಟಲೆ ಆಗಿತ್ತು, ಫೋನು ಎತ್ತೋರಿಲ್ಲ. ಕೌಂಟರಲ್ಲಿ ಇದ್ದವರು ಕಾಗದ ಹುಡುಕಿ ತೆಗೆದ್ರು, ಅಂದ್ರೆ ರೆಡಿ ಇತ್ತು ಸಾರ್, ಧೂಳು ತಿಂತಾ ಬಿದ್ದಿತ್ತು! ತೆಗೆದು ಹೇಳಿದ್ದೇನು ಗೊತ್ತಾ? "ಕವರ್ ಇಲ್ಲ, ಗಮ್ಮೂ ಖಾಲಿ, ಎದುರು ಅಂಗಡಿಯಿಂದ ತಂದ್ಬಿಡಮ್ಮ." ಅಪ್ಪ ಕೊಡೆ ಹಿಡ್ಕೊಂಡು ಹೋಗಿ ಖಾಕಿ ಕವರು, ಗಮ್ ಬಾಟ್ಲಿ ತಂದ್ರು, ಆಯ್ತು ಅಂಟಿಸಿ ಅಂದ್ರೆ ಈಗ ಸೀಲ್ ಬೀರುವಿನಲ್ಲಿದೆ, ಬೀರುವಿನ ಕೀ ಸೂಪರಿಂಟೆಂಡೆಂಟ್ ಹತ್ರ ಇದೆ, ಸೂಪರಿಂಟೆಂಡೆಂಟ್ ರಜೆ ಮೇಲಿದಾರೆ. "ಸೀಲ್ ಇಲ್ದೆ ಕಳಿಸಮ್ಮ, ಅಮೆರಿಕದಲ್ಲಿ ಯಾರು ನೋಡ್ತಾರೆ" ಅಂತ ಸಲಹೆ ಬೇರೆ. ನಾನು ಒಪ್ಪಲಿಲ್ಲ. ಮಿಕ್ಕ ಗಮ್ ಮಾತ್ರ ಅಲ್ಲೇ ಇಟ್ಕೊಂಡ್ರು ಮಾರಾಯ್ರೆ.

ಆಮೇಲೆ ಒಂದಿನ ಅವರೇ ಪೋಸ್ಟ್ ಮಾಡಿದ್ರು ಅಂತ ಖುಷಿಪಟ್ಟೆ. ಸೀಲನ್ನ ಕವರಿನ ಮುಂದುಗಡೆ, ವಿಳಾಸದ ಪಕ್ಕ, ಮದುವೆ ಕಾಗದಕ್ಕೆ ಅರಿಶಿನ ಹಚ್ಚಿದ ಹಾಗೆ ಹಚ್ಚಿ ಕಳಿಸಿದ್ರಂತೆ. ಅಂಟಿಸಿದ ಕಡೆ ಏನೂ ಇಲ್ಲ. ಡಬ್ಲ್ಯೂಇಎಸ್‌ನವರು ಒಪ್ಪಲಿಲ್ಲ. ಮತ್ತೆ ಮೊದಲಿಂದ ಅರ್ಜಿ, ಮತ್ತೆ ಫೀಸು, ಅಷ್ಟರಲ್ಲಿ ಡಿಸೆಂಬರ್ ಮುಗೀತು.

ನಾಲ್ಕು ವರ್ಷ ನಮಗೆ ಕಲಿಸಿದ್ದೇನು ಹೇಳಿ? ಜಿಎಂಪಿ ಜಿಎಂಪಿ (ಔಷಧ ತಯಾರಿಕೆಯ ಗುಣಮಟ್ಟದ ನಿಯಮ) ಅಂತ ತಲೆಗೆ ತುಂಬಿದ್ರಿ. ಒಂದು ಬ್ಯಾಚ್ ಮಾತ್ರೆ ಮಾಡಿದ್ರೆ ಲ್ಯಾಕ್ಟೋಸ್ ಯಾರು ತೂಗಿದ್ರು, ಯಾರು ಚೆಕ್ ಮಾಡಿದ್ರು, ಎಷ್ಟು ಗಂಟೆಗೆ ಅಂತ ಬ್ಯಾಚ್ ರೆಕಾರ್ಡಲ್ಲಿ ಸಹಿ ಬೇಕು, ಬರೀದಿದ್ರೆ ಆ ಕೆಲ್ಸ ಆಗೇ ಇಲ್ಲ ಅಂತ ಲೆಕ್ಕ. ಇದನ್ನ ಕಲಿಸಿ ಡಿಗ್ರಿ ಕೊಡೋ ಜಾಗದಲ್ಲಿ ನನ್ನ ಅರ್ಜಿ ಯಾವ ಟೇಬಲ್ ಮೇಲಿದೆ ಅಂತ ಹೇಳೋಕೆ ಒಂದು ರಿಜಿಸ್ಟರ್ ಇಲ್ವಲ್ಲ ಸಾರ್!

ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಕೊಡ್ಬೇಕು ಅನ್ನೋ ಸಕಾಲ ಕಾಯ್ದೆ 2011ರದ್ದು, 2012ರಿಂದ ಜಾರಿಯಲ್ಲಿದೆ. "ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ" ಅಂತ ಬೋರ್ಡು ಓದಿ ಓದಿ ಬಾಯಿಪಾಠ ಆಗಿದೆ. ಸಕಾಲದ ಜಿಎಸ್‌ಸಿ ನಂಬರ್ (ಅರ್ಜಿಯ ಸ್ವೀಕೃತಿ ಸಂಖ್ಯೆ) ಕೊಡಿ ಅಂತ ಆ ಕೌಂಟರಲ್ಲಿ ಕೇಳಿದ್ರೆ ಮುಖ ಮುಖ ನೋಡ್ಕೊಂಡ್ರು. ಕೊಟ್ರೂ ಏನು, ತಡವಾದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ. ಒಂದು ವರ್ಷಕ್ಕೆ 500! ಅಪ್ಪ ನನ್ನ ಜೊತೆ ಓಡಾಡಿದ ಬಸ್ ಚಾರ್ಜಿಗೂ ಸಾಲೋದಿಲ್ಲ.

ಅಮೆರಿಕ ಯಾಕೆ, ಇಲ್ಲೇ ಎಂ.ಫಾರ್ಮ್ ಮಾಡು ಅಂತ ಹೇಳೋರಿದ್ದಾರೆ, ನಿಮ್ಮ ಆಫೀಸಿನವರೂ ಹೇಳ್ಬಹುದು. ಮಾಡ್ಬಹುದು, ಎಂ.ಫಾರ್ಮ್ ಪ್ರವೇಶ ಪರೀಕ್ಷೆ ಜಿಪ್ಯಾಟ್ ಪಾಸಾಗಿದೆ, ಸ್ಕೋರು ಮೂರು ವರ್ಷ ನಡೆಯುತ್ತೆ, ಸೀಟು ಸಿಕ್ರೆ ಸ್ಕಾಲರ್‌ಶಿಪ್ಪೂ ಸಿಗ್ಬಹುದು. ಆದ್ರೆ ಅಲ್ಲಿ ಪಿಎಚ್‌ಡಿಗೆ ಅಸಿಸ್ಟೆಂಟ್‌ಶಿಪ್ (ಪಾಠಕ್ಕೋ ಸಂಶೋಧನೆಗೋ ನೆರವಾಗೋ ಕೆಲ್ಸ) ಸಿಕ್ರೆ ಸಾಮಾನ್ಯವಾಗಿ ಫೀಸೂ ಇಲ್ಲ, ಖರ್ಚಿಗೂ ಕೊಡ್ತಾರೆ, ಅದಕ್ಕೇ ನಮ್ಮಂಥವರ ಮನೆಯಿಂದ ಅತ್ತ ನೋಡೋದು. ಇಲ್ಲೇ ಸೇರ್ತೀನಿ ಅಂದ್ರೂ ಬೇರೆ ವಿಶ್ವವಿದ್ಯಾಲಯ ಆದ್ರೆ ಮೈಗ್ರೇಶನ್ ಸರ್ಟಿಫಿಕೇಟ್ ತಾ ಅಂತಾರೆ. ಅದು ಕೊಡೋರು ಯಾರು? ಅದೇ ಕೌಂಟರ್.

ಡಿಜಿಲಾಕರ್ ಬಂದಿದ್ದು 2015ರಲ್ಲಿ. ನನ್ನ ಡ್ರೈವಿಂಗ್ ಲೈಸೆನ್ಸ್ ಫೋನಲ್ಲಿ ತೋರಿಸಿದ್ರೆ ಪೊಲೀಸ್ರು ಒಪ್ತಾರೆ. ಟ್ರಾನ್ಸ್‌ಕ್ರಿಪ್ಟಿಗೆ ಮಾತ್ರ ಗಮ್ ಬೇಕು.

ಈ ಸಲದ ಡಿಸೆಂಬರಿಗೆ ಮತ್ತೆ ಅಪ್ಲೈ ಮಾಡ್ತೀನಿ. ಈ ಜಿಲ್ಲೆಯಿಂದ ನನ್ನ ಹಾಗೆ ಘಟ್ಟ ಹತ್ತಿ ಇಳಿಯೋ ಹುಡುಗ್ರು ಹುಡುಗೀರು ಇನ್ನೂ ಇದ್ದಾರೆ, ಶಿರಸಿ ಕಡೆಯವಳೊಬ್ಬಳು ಮೊನ್ನೆ ಫೋನಲ್ಲಿ ಅತ್ತಳು. ಆದ್ದರಿಂದ ಮತ್ತೆ ಕೇಳ್ತೀನಿ: ಅರ್ಜಿ ಹಾಕಿದ ದಿನವೇ ನಂಬರ್ ಕೊಡ್ಸಿ, ಇಂತಿಷ್ಟು ದಿನ ಅಂತ ಗಡುವು ಹಾಕಿ, ಟ್ರಾನ್ಸ್‌ಕ್ರಿಪ್ಟನ್ನ ವಿಶ್ವವಿದ್ಯಾಲಯದಿಂದ ನೇರ ಇಮೇಲಲ್ಲಿ ಕಳಿಸೋ ಹಾಗೆ ಮಾಡಿ. "ಪರಿಶೀಲಿಸಲಾಗುವುದು" ಅಂತ ಉತ್ತರ ಬೇಡ ಸಾರ್, ಆದೇಶದ ಕಾಪಿ ಬೇಕು, ನವೆಂಬರ್ ಒಳಗೆ.

ಇತಿ,
ಕುಮಟಾದ ಒಬ್ಬ ಬಿ.ಫಾರ್ಮ್ ಪದವೀಧರೆ