ಸಿಡಿ ಕವರಿನಲ್ಲಿ ಬಿಟ್ಟುಹೋದವರಿಗೆ

ನಮ್ಮ ಆಲ್ಬಂನ ಸಿಡಿ ನನ್ನ ಹತ್ತಿರ ಒಂದೇ ಒಂದು ಉಳಿದಿದೆ. ಡಬ್ಬಿ ಒಡೆದಿದೆ. ಒಳಗಿನ ಕಾಗದ ಮಾತ್ರ ಹಾಗೇ ಇದೆ. ಅದರ ಕೊನೇ ಪುಟದಲ್ಲಿ, ಇರುವೆ ಸಾಲು ಹೋದ ಹಾಗೆ, ಸಣ್ಣ ಅಕ್ಷರದಲ್ಲಿ ಧನ್ಯವಾದದ ಪಟ್ಟಿ. ಹೋದ ವಾರ ಕೂತು ಎಣಿಸಿದೆ. 43 ಹೆಸರು. ಅದರಲ್ಲಿ 11 ಜನ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಪನಿಯವರು ಸೇರಿಸಿ ಅಂದರು, ಸೇರಿಸಿದೆವು. ಒಬ್ಬರ ಹೆಸರಂತೂ ಎರಡು ಸಲ ಇದೆ.

ಇರಬೇಕಾದವರು ಅದರಲ್ಲಿ ಇಲ್ಲ.

ಹೋದ ತಿಂಗಳು ನಮ್ಮ ಹಾಡಿಗೆ 20 ವರ್ಷ ತುಂಬಿತು. ನಾವು ನಾಲ್ಕೂ ಜನ ಒಂದೇ ಒಂದು ರಾತ್ರಿಗೆ ಅಂತ ಮತ್ತೆ ಸ್ಟೇಜ್ ಹತ್ತಿದೆವು. ಬಂದವರಿಗೆಲ್ಲ ನಾಲ್ಕು ಸಾಲಿನ ಥ್ಯಾಂಕ್ಸ್ ಬರೆಯೋಣ ಅಂತ ಕೂತಿದ್ದೆ. ಈ ಹಳೇ ಪಟ್ಟಿ ಕಣ್ಣಿಗೆ ಬಿದ್ದು ಕೆಲಸ ಕೆಡಿಸಿತು. ಹಾಗಾಗಿ ಇದನ್ನು ತಡವಾಗಿ ಬಂದ ತಿದ್ದುಪಡಿ ಅಂತ ಓದಿಕೊಳ್ಳಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮದು ಒಂದೇ ಹಾಡಿನ ಬ್ಯಾಂಡ್. ಮೊದಲ ರಿಹರ್ಸಲ್‌ನಿಂದ ಕೊನೇ ಜಗಳದವರೆಗೆ 22 ತಿಂಗಳು. ಒಂದು ಆಲ್ಬಂ, ಅರ್ಧಕ್ಕೆ ನಿಂತ ಇನ್ನೊಂದು, 61 ಕಾರ್ಯಕ್ರಮ. ಅಷ್ಟೇ ನಮ್ಮ ಚರಿತ್ರೆ. ಹಾಡಿದವಳು ಒಬ್ಬಳು, ಡ್ರಮ್ಸ್ ಒಬ್ಬ, ಬೇಸ್ ಗಿಟಾರ್ ಒಬ್ಬ, ಕೀಬೋರ್ಡ್ ನಾನು. ಹಾಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇವತ್ತೆಲ್ಲ ನಿಮ್ಮ ತಲೆಯಲ್ಲಿ ಅದೇ ಸುತ್ತುತ್ತದೆ, ಆಮೇಲೆ ನನ್ನನ್ನು ಬೈಯುತ್ತೀರಿ.

ಆ ಪಟ್ಟಿಯಲ್ಲಿ ನಮ್ಮ ರೆಕಾರ್ಡಿಂಗ್ ಎಂಜಿನಿಯರ್ ಹೆಸರಿಲ್ಲ. ಬೇಕೆಂದೇ ಬಿಟ್ಟಿದ್ದು, ಬಿಟ್ಟವನು ನಾನು. ಹಾಡಿನ ಶುರುವಿಗೆ ನನ್ನದೊಂದು 48 ಸೆಕೆಂಡಿನ ಕೀಬೋರ್ಡ್ ಆಲಾಪ ಇತ್ತು. ಅವರು ಕೇಳಿಸಿಕೊಂಡು, "ಹಾಡು ಯಾವಾಗ ಶುರುವಾಗುತ್ತೆ?" ಅಂದರು. ಶುರುವಾಗಿದೆಯಲ್ಲ ಸಾರ್ ಅಂದೆ. "ಇಲ್ಲಪ್ಪ, ನೀನು ಶುರುವಾಗಿದ್ದೀಯ. ಹಾಡು ಇನ್ನೂ ಶುರುವಾಗಿಲ್ಲ" ಅಂದರು. ಮಾರನೇ ದಿನ ಹೋದಾಗ ಆಲಾಪ ಇರಲಿಲ್ಲ. ಅದರ ಜಾಗದಲ್ಲಿ 7 ಸೆಕೆಂಡು ಬರೀ ಬೇಸ್, ತಕ್ಷಣ ದನಿ. ವೇಗವನ್ನೂ ನಿಮಿಷಕ್ಕೆ 96 ತಾಳದಿಂದ 104ಕ್ಕೆ ಏರಿಸಿ ಇನ್ನೊಂದು ಸಲ ನುಡಿಸಿ ಅಂದರು. ಮೂರು ದಿನ ನಾನು ಅವರ ಜೊತೆ ಮಾತಾಡಲಿಲ್ಲ.

ರೇಡಿಯೊದಲ್ಲಿ ಹಾಡು ಬಂದಮೇಲೆ ನನಗೆ ಅರ್ಥವಾಯಿತು. ದನಿ ಶುರುವಾಗುವವರೆಗೂ ನಿರೂಪಕರು ಮಾತಾಡುತ್ತಲೇ ಇರುತ್ತಾರೆ. ನನ್ನ 48 ಸೆಕೆಂಡು ಇದ್ದಿದ್ದರೆ ಅದರ ಮೇಲೆ ಹವಾಮಾನ ವರದಿ ಓದುತ್ತಿದ್ದರೋ ಏನೋ. ಆ 7 ಸೆಕೆಂಡಿಗೆ ಯಾರೂ ಬಾಯಿ ಹಾಕಲಿಲ್ಲ. ಸಾರ್, ನಿಮಗೆ ಧನ್ಯವಾದ. ಮೂರು ದಿನದ ಸಿಟ್ಟಿಗೆ ಕ್ಷಮೆ ಕೂಡ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಅಡ್ವಾನ್ಸ್ ಬಂದಾಗ ನಮ್ಮದು ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಹೊಸ ವಾದ್ಯ, ಬಾಡಿಗೆ ವ್ಯಾನ್, ವಿಡಿಯೊಗೆ ಅಂತ ಮಂಜಿನ ಯಂತ್ರ. ಆ ವಿಡಿಯೊದಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಅದು ಬೇರೆ ಮಾತು. ನಮ್ಮ ಲೆಕ್ಕ ನೋಡಲು ಒಪ್ಪಿಕೊಂಡ ಒಬ್ಬ ಅಕೌಂಟೆಂಟ್ ಮೇಡಂ ಒಂದು ಸಂಜೆ ನಾಲ್ಕೂ ಜನರನ್ನು ಕೂರಿಸಿ ಒಪ್ಪಂದವನ್ನು ಸಾಲು ಸಾಲಾಗಿ ಓದಿ ಹೇಳಿದರು. ಅದು ಯಾರದೋ ದುಡ್ಡಲ್ಲ, ನಮ್ಮದೇ ಅಂತ ಆಗ ಗೊತ್ತಾಯಿತು. ರೆಕಾರ್ಡಿಂಗ್ ಮೇಲಿನ ಹಕ್ಕು ಮಾತ್ರ ಕಂಪನಿಯದು. ಸಿಡಿ ಮಾರಿ ಬರುವುದರಲ್ಲಿ ನಮ್ಮ ಪಾಲು ಸಣ್ಣದು. ಆ ಸಣ್ಣ ಪಾಲಿನಿಂದಲೇ ಅಡ್ವಾನ್ಸು, ಸ್ಟುಡಿಯೊ ಬಾಡಿಗೆ, ವಿಡಿಯೊ ಖರ್ಚಿನ ಅರ್ಧ, ಎಲ್ಲ ತೀರಬೇಕು. ಅದು ತೀರುವವರೆಗೆ ಕೈಗೆ ಒಂದು ಪೈಸೆ ಇಲ್ಲ. ಹಾಡು ಎಲ್ಲರ ಬಾಯಲ್ಲಿದ್ದ ಕಾಲಕ್ಕೆ ನಾವು ಕಂಪನಿಗೆ ಸಾಲಗಾರರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ.

ಮೇಡಂ ಇನ್ನೊಂದು ಮಾತು ಹೇಳಿದರು. ರೆಕಾರ್ಡಿಂಗ್ ಬೇರೆ, ಹಾಡು ಬೇರೆ. ಸಾಹಿತ್ಯ ಬರೆದವರಿಗೆ, ರಾಗ ಕಟ್ಟಿದವರಿಗೆ ಬರುವ ರಾಯಲ್ಟಿ ಈ ಸಾಲದ ಲೆಕ್ಕಕ್ಕೆ ಸೇರುವುದಿಲ್ಲ. ಅದು ನೇರವಾಗಿ ಅವರಿಗೇ. "ಕ್ರೆಡಿಟ್‌ನಲ್ಲಿ ಯಾರ ಹೆಸರಿದೆ ನೋಡಿಕೊಳ್ಳಿ" ಅಂದರು. ನೋಡಿದೆವು. ಸಾಹಿತ್ಯ: ಗಾಯಕಿ. ರಾಗ: ನಾನು. ಮೇಡಂ ಅಲ್ಲಿಗೇ ನಿಲ್ಲಿಸಿ ಒಂದು ಕ್ಷಣ ನಮ್ಮ ನಾಲ್ಕೂ ಜನರ ಮುಖ ನೋಡಿದರು. ಅವರಿಗೆ ಏನು ಅನಿಸಿತ್ತೋ ಗೊತ್ತಿಲ್ಲ. ನಾನಂತೂ ಬೇಗ ಕಾಗದ ಮಡಚಿದೆ.

ಇದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಕಾರ್ಯಕ್ರಮದಲ್ಲಿ ಸೌಂಡ್ ನೋಡಿಕೊಂಡವರ ಕಥೆ.

ಒಂದೇ ಹಾಡು ಹಿಟ್ ಆದ ಬ್ಯಾಂಡಿನ ಕಷ್ಟ ಏನೆಂದರೆ, ಆ ಹಾಡನ್ನು ಯಾವಾಗ ನುಡಿಸಬೇಕು? ಮೊದಲೇ ನುಡಿಸಿದರೆ ಜನ ಎದ್ದು ಹೋಗುತ್ತಾರೆ. ಕೊನೆಗೆ ಇಟ್ಟರೆ ಬೇರೆ ಎಲ್ಲ ಹಾಡಿನ ನಡುವೆಯೂ ಅದನ್ನೇ ಕೂಗುತ್ತಾರೆ. ಎರಡೂ ಮಾಡಿ ನೋಡಿದೆವು. ನಡುವೆ ಒಮ್ಮೆ, ಕೊನೆಗೆ ಒಮ್ಮೆ ಅಂತಲೂ ಮಾಡಿದೆವು. ಆ ಹೊತ್ತಿಗೆ ಕಂಪನಿಯವರು ಎರಡನೇ ಆಲ್ಬಂಗೆ "ಅದೇ ಥರದ್ದು, ಆದರೆ ಹೊಸದು" ಬೇಕು ಅನ್ನುತ್ತಿದ್ದರು. ನಾವು 14 ರಾಗ ಮಾಡಿದೆವು. ಅದೇ ಥರ ಇದ್ದದ್ದು ಹೊಸದಾಗಿರಲಿಲ್ಲ, ಹೊಸದಾಗಿದ್ದದ್ದು ಅವರಿಗೆ ಬೇಡ. ಸಿಟ್ಟು ಒಳಗೊಳಗೇ ಕುದಿಯುತ್ತಿತ್ತು. 58ನೇ ಕಾರ್ಯಕ್ರಮದಲ್ಲಿ ನಾವು ಒಂದು ದೊಡ್ಡ ತೀರ್ಮಾನ ಮಾಡಿದೆವು: ಇವತ್ತು ಆ ಹಾಡು ನುಡಿಸುವುದೇ ಇಲ್ಲ.

ನುಡಿಸಲಿಲ್ಲ. ನಮಸ್ಕಾರ ಹೇಳಿದೆವು. ಜನ ಸುಮ್ನೆ ನಿಂತಿದ್ದರು, ಹೋಗಲೂ ಇಲ್ಲ, ಕೂಗಲೂ ಇಲ್ಲ. ಆಗ ಮಿಕ್ಸರ್ ಹಿಂದಿದ್ದ ಸೌಂಡ್‌ನವರು ಏನು ಮಾಡಿದರು ಗೊತ್ತಾ? ನಮ್ಮ ಸಿಡಿಯನ್ನೇ ಹಾಕಿಬಿಟ್ಟರು. ಆ 7 ಸೆಕೆಂಡಿನ ಬೇಸ್ ಬಂತು. ಮೈದಾನವೆಲ್ಲ ಶುರು. ಪಲ್ಲವಿ, ಚರಣ, ನಡುವಿನ "ಓ ಓ" ಕೂಡ ಬಿಡಲಿಲ್ಲ. ನಾವು ನಾಲ್ಕೂ ಜನ ಸ್ಟೇಜ್ ಮೇಲೆ ಬಗ್ಗಿ ಕೇಬಲ್ ಸುತ್ತುತ್ತಿದ್ದೆವು, ಎದುರಿಗೆ ಅಷ್ಟೂ ಜನ ನಮ್ಮ ಹಾಡು ಹಾಡುತ್ತಿದ್ದರು. ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ನೋಡಬೇಕಾದ ಅಗತ್ಯವೇ ಅವರಿಗೆ ಇರಲಿಲ್ಲ.

ಆ ರಾತ್ರಿ ನಾನು ಆ ಮನುಷ್ಯನ ಜೊತೆ ಕೈ ಕೈ ಮಿಲಾಯಿಸುವುದೊಂದು ಬಾಕಿ. ಇನ್ನು ಮೂರು ಕಾರ್ಯಕ್ರಮಕ್ಕೆ ಬ್ಯಾಂಡ್ ಮುರಿದುಬಿತ್ತು. ಈಗ ಯೋಚಿಸಿದರೆ, ದುಡ್ಡು ಕೊಟ್ಟು ಬಂದ ಜನಕ್ಕೆ ಆ ರಾತ್ರಿ ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ. ಅವರು ಎಲ್ಲಿದ್ದಾರೋ, ಈ ಥ್ಯಾಂಕ್ಸ್ ಅವರಿಗೆ ತಲುಪಲಿ.

ಆಮೇಲೆ ಸುಮಾರು ವರ್ಷ ನಾನು ಬ್ಯಾಂಡಿನಲ್ಲಿದ್ದೆ ಅಂತ ಯಾರಿಗೂ ಹೇಳಲಿಲ್ಲ. "ಓ, ಆ ಹಾಡಿನವರಾ! ಆಮೇಲೇನು ಮಾಡಿದ್ರಿ?" ಈ ಎರಡನೇ ಪ್ರಶ್ನೆಗೆ ಹೆದರಿಕೆ. ಆಗ ನನಗೊಂದು ಚಟ ಹತ್ತಿತು. ನಮ್ಮ ಹಾಗೆ ಒಂದೇ ಹಾಡಿಗೆ ನಿಂತವರೆಲ್ಲ ಆಮೇಲೆ ಏನಾದರು ಅಂತ ಹುಡುಕುವುದು. ಜೇಗರ್ ಅಂಡ್ ಇವಾನ್ಸ್ ಅಂತ ಅಮೆರಿಕದ ಜೋಡಿ. 1969ರಲ್ಲಿ ಅವರ 'ಇನ್ ದಿ ಇಯರ್ 2525' ಅಲ್ಲಿನ ಹಿಟ್ ಹಾಡುಗಳ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವಾರ ಅಲ್ಲಿ ನಂಬರ್ ಒನ್ ಇದೇ ಹಾಡು. ಅದಾದಮೇಲೆ ಅವರ ಇನ್ನೊಂದು ಹಾಡು ಆ ಪಟ್ಟಿಯೊಳಗೆ ಕಾಲಿಡಲಿಲ್ಲ. ಡೆನ್ನಿ ಜೇಗರ್ ಆಮೇಲೆ ಗಿಟಾರ್ ಕಲಿಸಿದರು, ಬೆರಳಿಗೆ ಸುಲಭವಾಗುವಂಥ ಗಿಟಾರ್ ಮಾಡಿ ಮಾರಿದರು. ನ್ಯೂ ರ್‍ಯಾಡಿಕಲ್ಸ್‌ನ ಗ್ರೆಗ್ ಅಲೆಕ್ಸಾಂಡರ್ 1998ರಲ್ಲಿ ಒಂದೇ ಆಲ್ಬಂ ಮಾಡಿ, 1999ರಲ್ಲಿ ಅದರಿಂದ ಬಿಡಿಯಾಗಿ ಬರಬೇಕಿದ್ದ ಎರಡನೇ ಹಾಡು (ಸಿಂಗಲ್) ಹೊರಬರುವ ಮೊದಲೇ ಬ್ಯಾಂಡ್ ಮುಚ್ಚಿಬಿಟ್ಟರು. ಬೇರೆಯವರಿಗೆ ಹಾಡು ಬರೆದುಕೊಂಡು ಆರಾಮಾಗಿದ್ದರು. 2021ರ ಜನವರಿ 20ರಂದು ಬೈಡನ್ ಅಧಿಕಾರ ವಹಿಸಿಕೊಂಡ ದಿನ ಮತ್ತೆ ಬಂದು ಅದೇ ಒಂದು ಹಾಡು ಹಾಡಿದರು. ಇದನ್ನೆಲ್ಲ ಓದುವಾಗ ಹಿತವಾಗುತ್ತಿತ್ತು. ನಾನೊಬ್ಬನೇ ಅಲ್ಲವಲ್ಲ ಅಂತ.

ಹೀಗೆ ಓದುತ್ತಾ ಓದುತ್ತಾ ಒಂದು ಕಡೆ ಸಿಕ್ಕಿಬಿದ್ದೆ. ಪ್ರೊಕಾಲ್ ಹ್ಯಾರಂ ಒಂದೇ ಹಾಡಿನ ಬ್ಯಾಂಡ್ ಅಲ್ಲ, ಆದರೂ ಅವರ 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿನ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಆ ಹಾಡನ್ನು ನೆನೆಸಿಕೊಂಡರೆ ಮೊದಲು ಕಿವಿಗೆ ಬರುವುದು ಆರ್ಗನ್, ಕೀಬೋರ್ಡ್ ಥರದ ವಾದ್ಯ. ಅದನ್ನು ನುಡಿಸಿದವರು ಮ್ಯಾಥ್ಯೂ ಫಿಶರ್. ಕ್ರೆಡಿಟ್‌ನಲ್ಲಿ ಮಾತ್ರ ಅವರ ಹೆಸರಿರಲಿಲ್ಲ. 38 ವರ್ಷ ಬಿಟ್ಟು, 2005ರಲ್ಲಿ, ಕೋರ್ಟಿಗೆ ಹೋದರು. ಕೊನೆಗೆ 2009ರಲ್ಲಿ ಆಗ ಬ್ರಿಟನ್ನಿನ ಕೊನೇ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ಪರ ತೀರ್ಪು ಕೊಟ್ಟಿತು. ಸಂಗೀತದಲ್ಲಿ ಶೇಕಡಾ 40 ಪಾಲು ಅವರದು.

ಓದಿ ಮುಗಿಸಿದಾಗ ರಾತ್ರಿ ಎರಡು ಗಂಟೆ. ನಿದ್ದೆ ಬರಲಿಲ್ಲ.

ನಮ್ಮ ಹಾಡಿನ ಆ 7 ಸೆಕೆಂಡು ನನ್ನದಲ್ಲ. ನೀವೆಲ್ಲ ಬಾಯಲ್ಲಿ ಹಾಡುವ ಆ ನಾಲ್ಕು ಸ್ವರ ನಮ್ಮ ಬೇಸ್‌ನವನದು. ನನ್ನ ಆಲಾಪದ ಕೆಳಗೆ ಸುಮ್ನೆ ಇರಲಿ ಅಂತ ಅವನು ನುಡಿಸುತ್ತಿದ್ದದ್ದು. ಎಂಜಿನಿಯರ್ ನನ್ನದನ್ನು ತೆಗೆದಾಗ ಉಳಿದದ್ದು ಅದು. ಪಲ್ಲವಿಯ ರಾಗವನ್ನೂ ಅದರ ಮೇಲೇ ಕಟ್ಟಿದ್ದೆ, ಅದೂ ನನಗೆ ಗೊತ್ತು. ಕ್ರೆಡಿಟ್ ಬರೆಯುವ ದಿನ ಅವನು ವ್ಯಾನ್ ರಿಪೇರಿಗೆ ಹೋಗಿದ್ದ. "ರಾಗ ಯಾರದು?" ಅಂತ ಕೇಳಿದರು. ನಾನು ನನ್ನ ಹೆಸರು ಹೇಳಿದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಹಾಗಂತ ಮರೆತು ಹೇಳಿದ್ದೂ ಅಲ್ಲ. ಆ 43 ಹೆಸರಿನಲ್ಲೂ ಅವನಿಲ್ಲ, ಬ್ಯಾಂಡಿನವರಿಗೆ ಬ್ಯಾಂಡಿನವರೇ ಯಾಕೆ ಥ್ಯಾಂಕ್ಸ್ ಹೇಳುವುದು ಅಂತ ಬಿಟ್ಟಿದ್ದೆವು. ಅಷ್ಟು ವರ್ಷವೂ ಆರು ತಿಂಗಳಿಗೊಮ್ಮೆ ಸಣ್ಣದೊಂದು ರಾಯಲ್ಟಿ ನನಗೆ ಬರುತ್ತಿತ್ತು. ಅವನಿಗೆ ಏನೂ ಇಲ್ಲ. ಅವನು ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ನಮ್ಮ ಡ್ರಮ್ಮರ್ ಫೋನ್ ಮಾಡಿ 20 ವರ್ಷಕ್ಕೆ ಒಂದಾಗೋಣ ಅಂದಾಗ ನಾನು ಮೊದಲು ಮಾಡಿದ ಕೆಲಸ ಬೇಸ್‌ನವನ ಮನೆಗೆ ಹೋಗಿದ್ದು. ಹೇಳಿದೆ. ಅವನು ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನನಗೆ ಗೊತ್ತಿತ್ತು ಕಣೋ. ನಿನಗೆ ಗೊತ್ತಿದೆಯಾ ಅಂತ ಗೊತ್ತಿರಲಿಲ್ಲ" ಅಂದ. ಅಷ್ಟೇ. ರಾಗದ ನನ್ನ ಪಾಲಿನಲ್ಲಿ ಅರ್ಧ ಅವನ ಹೆಸರಿಗೆ ಬರೆಸಿ ನೋಂದಾಯಿಸಿದೆವು. ಹಿಂದೆ ಬಂದಿದ್ದರ ಲೆಕ್ಕವನ್ನು ಆ ಅಕೌಂಟೆಂಟ್ ಮೇಡಂ ಕೈಲೇ ಹಾಕಿಸಿದೆ. ಅವರು ಈಗ ನಿವೃತ್ತರು. ಫೀಸ್ ತಗೊಳ್ಳಲಿಲ್ಲ. "ಇದಕ್ಕೆ ಇಷ್ಟು ವರ್ಷ ಬೇಕಾಯ್ತಾ?" ಅಂತ ಮಾತ್ರ ಕೇಳಿದರು.

ರಿಹರ್ಸಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮೊದಲ ದಿನ ಭಯಂಕರವಾಗಿತ್ತು. ಗಾಯಕಿಯ ದನಿ ಈಗ ಅಷ್ಟು ಮೇಲೆ ಹೋಗುವುದಿಲ್ಲ, ಶ್ರುತಿ ಇಳಿಸಬೇಕಾಯಿತು. ಕೀಬೋರ್ಡಿಗೆ ಅದು ಒಂದು ಗುಂಡಿಯ ಕೆಲಸ. ಬೇಸ್‌ಗೆ ಹಾಗಲ್ಲ. ಆ ನಾಲ್ಕು ಸ್ವರದಲ್ಲಿ ಮೊದಲನೆಯದು ಅದರ ದಪ್ಪ ತಂತಿಯನ್ನು ಹಾಗೇ ಮೀಟಿದಾಗ ಬರುವ ಸ್ವರ. ಅದಕ್ಕಿಂತ ಕೆಳಗೆ ಹೋಗಲು ವಾದ್ಯದಲ್ಲಿ ಜಾಗವೇ ಇಲ್ಲ. ಅವನು ತಂತಿಯನ್ನೇ ಸಡಿಲ ಮಾಡಿಕೊಂಡು ಹೊಸದಾಗಿ ಬೆರಳು ಕಲಿತ. ದನಿ ಇನ್ನೂ ದಪ್ಪವಾಯಿತು, ನಿಜ ಹೇಳಬೇಕೆಂದರೆ ಸಿಡಿಗಿಂತ ಚೆನ್ನಾಯಿತು.

ಅವತ್ತು ರಾತ್ರಿ ಬಂದವರಿಗೆ ಏನು ಹೇಳಲಿ. ಡ್ರೈವಿಂಗ್ ಕಲಿಯುವಾಗ ಈ ಹಾಡಿನ ತಾಳಕ್ಕೇ ಗೇರ್ ಬದಲಿಸುತ್ತಿದ್ದೆ ಅಂದ ಅಕ್ಕ, ನಿಮಗೆ ಧನ್ಯವಾದ, ಜೋಪಾನ. ಹಾಸ್ಟೆಲ್ ರೂಮ್‌ಮೇಟ್ ಒಂದು ವರ್ಷ ಇದನ್ನೇ ಅಲಾರಂ ಇಟ್ಟಿದ್ದ, ಕೇಳಿದರೆ ಈಗಲೂ ಮೈ ಉರಿಯುತ್ತೆ ಅಂತ ಹೇಳಿಯೂ ಟಿಕೆಟ್ ತಗೊಂಡು ಬಂದ ಅಣ್ಣ, ನಿಮಗೆ ಎರಡು ಸಲ ಧನ್ಯವಾದ. ನಾವು ಹಾಡನ್ನು ಕೊನೆಗೆ ಇಟ್ಟಿದ್ದೆವು. ಯಾರೂ ನಡುವೆ ಕೂಗಲಿಲ್ಲ. ಉಳಿದ ಎಂಟು ಹಾಡನ್ನೂ ಕೂತು ಕೇಳಿದಿರಿ. 20 ವರ್ಷದ ಹಿಂದೆ ಇದೊಂದು ಸಿಕ್ಕಿದ್ದರೆ ನಾವು ಅಷ್ಟು ಜಗಳ ಆಡುತ್ತಿರಲಿಲ್ಲವೇನೋ.

ಹಾಡಿಗೆ ಮುಂಚೆ ಮೈಕಿನಲ್ಲಿ ಅವನ ಹೆಸರು ಹೇಳಿದೆ. ಇದು ಇವನದು ಅಂದೆ. ಇಲ್ಲಿ ಮಾತ್ರ ಬರೆಯಬೇಡ ಅಂತ ಹೇಳಿದ್ದಾನೆ. ಆಫೀಸಿನಲ್ಲಿ ಎಲ್ಲರೂ ಹಾಡು ಅಂತ ಪ್ರಾಣ ತಿಂತಾರಂತೆ. ಹಾಗಾಗಿ ಈ ಪಟ್ಟಿಯಲ್ಲೂ ಅವನ ಹೆಸರಿಲ್ಲ.

ಮೊನ್ನೆ ಅವನಿಗೆ ಮೊದಲ ರಾಯಲ್ಟಿ ಬಂತು. ಲೆಕ್ಕದ ಕಾಗದ ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡಿದ. "ಇಷ್ಟೇನಾ? ಇಷ್ಟಕ್ಕೇನಾ ನೀನು ಇಷ್ಟು ವರ್ಷ ಮುಖ ತಪ್ಪಿಸಿಕೊಂಡು ಓಡಾಡಿದ್ದು?"